ಒಬ್ಬನ ಅಳತೆಯ ಕುರ್ಚಿ

ಮನುಷ್ಯನಿಗೆ ಇನ್ನೊಬ್ಬ ಮನುಷ್ಯನ ಹಂಗೇ ಇಲ್ಲದಂತೆ ಒಂದು ಮನೆಯನ್ನು ಸಜ್ಜುಮಾಡಿ ತೋರಿಸುತ್ತೇನೆ ಎಂದು ನಾನು ಪಣ ತೊಟ್ಟದ್ದು ಎಮರ್ಜೆನ್ಸಿ ಮುಗಿದ ಮರುವರ್ಷದ ಬೇಸಿಗೆಯಲ್ಲಿ. ದೆಹಲಿಯ ಆರ್.ಕೆ.ಪುರಂ ಸರ್ಕಾರಿ ಕ್ವಾರ್ಟರ್ಸಿನ ಮೊದಲ ಮಹಡಿಯಲ್ಲಿ, ಬನಿಯನ್ ತೊಟ್ಟು, ಟೇಬಲ್ ಫ್ಯಾನಿನ ಎದುರು ನಿಂತು ಈ ಭೀಷಣ ಪ್ರತಿಜ್ಞೆ ನಡೆಯಿತು. ಸಾಕ್ಷಿಗೆ ಇದ್ದದ್ದು ಆ ಫ್ಯಾನ್ ಒಂದೇ. ಅದು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಲೆಯಾಡಿಸುತ್ತಾ ಬೇಡ ಬೇಡ ಎನ್ನುತ್ತಿತ್ತು. ಯಂತ್ರದ ಮಾತು ಕೇಳುವಷ್ಟು ದುರ್ಬಲ ನಾನಾಗಿರಲಿಲ್ಲ.

ನನ್ನ ಹೆಂಡತಿ ಪಂಕಜಾ ಆಗ ಚಿತ್ರದುರ್ಗದಲ್ಲಿ ಹೈಸ್ಕೂಲು ಮೇಡಮ್. ಮದುವೆಯಾದ ಹೊಸತರಲ್ಲಿ ಅವಳು ಹಾಕಿದ್ದ ಅರ್ಜಿಯನ್ನು ಸರ್ಕಾರ ಸಾವಧಾನವಾಗಿ ಪರಿಶೀಲಿಸಿ, ಮಗಳು ಪ್ರಫುಲ್ಲಾ ನಾಲ್ಕನೇ ಕ್ಲಾಸಿಗೆ ಬಂದ ಮೇಲೆ ಆರ್ಡರು ಕಳಿಸಿತ್ತು. ಸಿಕ್ಕ ಕೆಲಸ ಬಿಡುವುದು ಹೇಗೆ? ಒಂದು ವರ್ಷ ನೋಡೋಣ ಎಂದು ತಾಯಿ ಮಗಳು ಹೋದರು. ಒಂದು ವರ್ಷ ಎರಡಾಯಿತು. ಮೂವರೂ ಇದ್ದಾಗ ಕರೋಲ್‌ಬಾಗಿನ ಒಂದೇ ಕೋಣೆಯಲ್ಲಿ ಮೊಣಕೈಗೆ ಮೊಣಕೈ ತಗುಲಿಸಿಕೊಂಡು ಬದುಕಿದ್ದೆವು. ಅವರು ರೈಲು ಹತ್ತಿದ ಕೆಲವೇ ತಿಂಗಳಿಗೆ ನನಗೆ ಎರಡು ಕೋಣೆಯ ಕ್ವಾರ್ಟರ್ಸ್ ಮಂಜೂರಾಯಿತು. ಒಂದು ಕೋಣೆಯಲ್ಲಿ ನಾನಿದ್ದರೆ ಇನ್ನೊಂದರಲ್ಲಿ ಯಾರಿರಬೇಕು ಎಂಬುದನ್ನು ಮಂಜೂರಾತಿ ಆದೇಶದಲ್ಲಿ ಹೇಳಿರಲಿಲ್ಲ.

ಬೇಸಿಗೆ ರಜೆಗೆ ಬರುತ್ತೇವೆಂದು ಇಬ್ಬರೂ ಮಾತು ಕೊಟ್ಟಿದ್ದರು. ಅಷ್ಟರಲ್ಲಿ ಪಂಕಜಾಳಿಗೆ ಎಸ್ಸೆಸ್ಸೆಲ್ಸಿ ಪೇಪರು ತಿದ್ದುವ ಕೆಲಸ ಬಿತ್ತು. ‘ಒಬ್ಬರಿಗೇ ಕಷ್ಟವಾಗುತ್ತಿದ್ದರೆ ಹೇಳಿ, ಕೆಲಸ ಬಿಟ್ಟು ಬಂದುಬಿಡುತ್ತೇನೆ’ ಎಂದು ಬರೆದಳು. ಸುಖವಾಗಿದ್ದೇನೆ, ಇಲ್ಲಿ ಯಾವ ಕೊರತೆಯೂ ಇಲ್ಲ ಎಂದು ಉತ್ತರ ಬರೆದು ಡಬ್ಬಿಗೆ ಹಾಕಿದೆ. ಹಾಕಿದ ಮೇಲೆ, ಬರೆದದ್ದನ್ನು ನಿಜ ಮಾಡಿ ತೋರಿಸುವುದು ಗಂಡಸಿನ ಕರ್ತವ್ಯವಲ್ಲವೇ? ಪ್ರತಿಜ್ಞೆ ಹುಟ್ಟಿದ್ದು ಹೀಗೆ.

ಅದನ್ನು ಈಡೇರಿಸುವ ವಿದ್ಯೆ ನನ್ನ ಕೈಯಲ್ಲೇ ಇತ್ತು. ಕಚೇರಿಯ ಕುರ್ಚಿ ಮೇಜುಗಳು ಅವುಗಳಲ್ಲಿ ಕೂರುವವರ ಮೈಯಳತೆಗೆ ಹೊಂದಬೇಕೆಂದು ಸರ್ಕಾರಕ್ಕೆ ಯಾರೋ ಮನವರಿಕೆ ಮಾಡಿಕೊಟ್ಟಿದ್ದರು. ಅಲ್ಲಿಯವರೆಗಿನ ಕುರ್ಚಿಗಳೆಲ್ಲ ಯಾವುದೋ ಕಾಲದ ಆರಡಿ ಬಿಳಿ ಸಾಹೇಬನ ಕಾಲಿನ ಲೆಕ್ಕದವು. ನಮ್ಮ ಟೈಪಿಸ್ಟ್ ಹೆಂಗಸರು ಅವುಗಳ ಮೇಲೆ ಕೂತು, ಪಾದ ನೆಲಕ್ಕೆ ಮುಟ್ಟದೆ, ಉಯ್ಯಾಲೆಯ ಮೇಲಿನ ಮಕ್ಕಳಂತೆ ಕಾಲಾಡಿಸುತ್ತಾ ರಾಷ್ಟ್ರದ ಪತ್ರವ್ಯವಹಾರ ನಡೆಸುತ್ತಿದ್ದರು. ಇದನ್ನು ಸರಿಪಡಿಸಲು ಹೊರಟ ತಂಡದಲ್ಲಿ ನಾನೊಬ್ಬ. ಟೇಪು ಹಿಡಿದು ಸೆಕ್ಷನ್ನಿನಿಂದ ಸೆಕ್ಷನ್ನಿಗೆ ಹೋಗಿ ಗುಮಾಸ್ತರ ಮಂಡಿಯಿಂದ ಪಾದದವರೆಗೆ, ಮೊಣಕೈಯಿಂದ ಬೆರಳ ತುದಿಯವರೆಗೆ, ಕೂತಾಗ ಸೊಂಟದ ಅಗಲ, ಹೀಗೆ ಮೈಯ ಮೂಲೆಮೂಲೆಯನ್ನೂ ಅಳೆಯುತ್ತಿದ್ದೆ. ಸೊಂಟದ ಅಗಲವನ್ನು ಮಾತ್ರ ಜೋರಾಗಿ ಓದಬೇಡಿ ಎಂದು ಹಿರಿಯ ಅಧಿಕಾರಿಯೊಬ್ಬರು ನನಗೆ ಕೈಮುಗಿದದ್ದೂ ಉಂಟು.

ಇಷ್ಟು ಜನರನ್ನು ಅಳೆದವನು ನನ್ನನ್ನೇ ಅಳೆದುಕೊಂಡು, ನನಗೊಬ್ಬನಿಗೇ ಒಪ್ಪುವ ಒಂದು ಕುರ್ಚಿ ಮಾಡಿಸಿದರೆ? ಅದರಲ್ಲಿ ಕೂತರೆ ಊಟ, ಓದು, ರೇಡಿಯೋ, ನೀರು ಎಲ್ಲ ಕೈಗೆಟಕಬೇಕು. ‘ಸ್ವಲ್ಪ ಅದನ್ನ ಇಲ್ಲಿ ಕೊಡು’ ಎಂದು ಯಾರಿಗೂ ಹೇಳುವ ಪ್ರಸಂಗವೇ ಬರಬಾರದು.

ಅಳೆಯಲು ಕೂತಾಗ ಒಂದು ತೊಡಕು ಕಂಡಿತು. ಕಚೇರಿಯಲ್ಲಿ ಟೇಪಿನ ಒಂದು ತುದಿ ನಾನು ಹಿಡಿದರೆ ಇನ್ನೊಂದನ್ನು ಸಹೋದ್ಯೋಗಿ ಹಿಡಿಯುತ್ತಾನೆ. ಮನೆಯಲ್ಲಿ ಆ ಇನ್ನೊಂದು ತುದಿಗೆ ಯಾರೂ ಇರಲಿಲ್ಲ. ಹೆಗಲಿನ ಅಗಲ ನೋಡಲು ಹೋದರೆ ಟೇಪು ಬೆನ್ನ ಹಿಂದೆ ಜಾರಿ ಬೀಳುತ್ತಿತ್ತು. ಕೊನೆಗೆ ಒಂದು ತುದಿಯನ್ನು ಬಾಗಿಲ ಚೌಕಟ್ಟಿಗೆ ಮೊಳೆ ಹೊಡೆದು ಸಿಕ್ಕಿಸಿ, ಇನ್ನೊಂದನ್ನು ಹಲ್ಲಿನಲ್ಲಿ ಕಚ್ಚಿ, ಗೋಡೆಗೆ ಬೆನ್ನು ಒತ್ತಿ, ಪೆನ್ಸಿಲಿನಿಂದ ಗುರುತು ಹಾಕಿಕೊಂಡೆ. ಇಡೀ ಭಾನುವಾರ ಹಿಡಿಯಿತು. ಭಾನುವಾರಕ್ಕೆ ಬೇರೆ ಉಪಯೋಗವೂ ಇರಲಿಲ್ಲ.

ಪಕ್ಕದ ಮುನಿರ್ಕಾದ ಬಡಗಿ ಗಟ್ಟಿ ಶೀಶಮ್ ಮರದ ತುಂಡುಗಳನ್ನು ತಂದು ನನ್ನ ಒಳಕೋಣೆಯಲ್ಲೇ ಜೋಡಿಸಿಕೊಟ್ಟ. ಬೆನ್ನಿಗೆ ಬೆನ್ನಿನಷ್ಟೇ ಜಾಗ, ಸೊಂಟಕ್ಕೆ ಸೊಂಟದಷ್ಟೇ. ಎದೆಯ ಮುಂದೆ ಒಂದು ಹಲಗೆ. ಅದು ಬಲಗಡೆಯಿಂದ ಬಾಗಿಲಿನಂತೆ ತಿರುಗಿ ಬಂದು, ಕುರ್ಚಿಯ ಎಡಗೈಯ ಕೆಳಗಿದ್ದ ಚಿಲಕಕ್ಕೆ ಟಕ್ ಎಂದು ಕೂರುತ್ತಿತ್ತು. ಊಟ, ಬರಹ, ಗಡ್ಡ ಹೆರೆಯುವುದು ಎಲ್ಲ ಆ ಹಲಗೆಯ ಮೇಲೆ. ಸುತ್ತಲೂ ರೇಡಿಯೋ, ನೀರಿನ ಹೂಜಿ, ಕಾಫಿ ಫ್ಲಾಸ್ಕು. ಸಿಂಹಾಸನ ಸಿದ್ಧವಾದ ದಿನವೇ, ಬಾಡಿಗೆಗೆ ತಂದಿದ್ದ ಎರಡು ಬೆತ್ತದ ಕುರ್ಚಿಗಳನ್ನು ವಾಪಸು ಮಾಡಿದೆ. ಅವುಗಳಲ್ಲಿ ಇನ್ನೊಬ್ಬರು ಕೂರುವ ಸಂದರ್ಭ ಈ ಮನೆಯಲ್ಲಿ ಒಂದು ಸಲವೂ ಬಂದಿರಲಿಲ್ಲ.

ಬೇಸಿಗೆ, ಮಳೆಗಾಲ ಎರಡೂ ರಾಜಭೋಗದಲ್ಲಿ ಕಳೆದವು. ನವೆಂಬರಿನಲ್ಲಿ ಸ್ವೆಟರು ಹಾಕಿ ಕೂತಾಗ ಕುರ್ಚಿ ಸ್ವಲ್ಪ ಬಿಗಿಯಾಯಿತು. ನನಗದು ಬೇಸರವೆನಿಸಲಿಲ್ಲ. ನಿಜ ಹೇಳಬೇಕೆಂದರೆ, ಮನೆಗೆ ಬಂದೊಡನೆ ಎರಡೂ ಪಕ್ಕದಿಂದ ಒತ್ತಿ ಹಿಡಿದುಕೊಳ್ಳುವವರು ಆಗ ನನಗೆ ಬೇರೆ ಯಾರಿದ್ದರು? ಕುರ್ಚಿಗೆ ನನ್ನ ಮೇಲೆ ಪ್ರೀತಿ ಬಂದಿದೆ ಎಂದುಕೊಂಡೆ.

ಡಿಸೆಂಬರಿನಲ್ಲಿ ಕಾಗದ ಬಂತು. ಪಂಕಜಾಳಿಗೆ ಹತ್ತು ದಿನ ರಜೆ ಸಿಕ್ಕಿದೆ, ಭಾನುವಾರ ಬೆಳಿಗ್ಗೆ ಬೆಂಗಳೂರಿನ ರೈಲಿನಲ್ಲಿ ತಾಯಿ ಮಗಳು ಇಳಿಯುತ್ತಾರೆ, ಸ್ಟೇಷನ್ನಿಗೆ ಬರಬೇಕು.

ಆ ಭಾನುವಾರ ನಾನು ಕೋಳಿಗಿಂತ ಮೊದಲು ಎದ್ದೆ. ನೆಲ ಒರೆಸಿದೆ. ಹಾಲು ತಂದೆ. ಆಮೇಲೆ ಉಡುಪಿನ ಸಮಾರಂಭ. ದೆಹಲಿಯ ಚಳಿ ತಮಾಷೆಯದಲ್ಲ. ಬನಿಯನ್, ಶರ್ಟು, ಹಳೆಯ ಸ್ವೆಟರು, ಅದರ ಮೇಲೆ ದೀಪಾವಳಿಗೆ ಪಂಕಜಾ ಹೆಣೆದು ಪಾರ್ಸೆಲ್ ಮಾಡಿದ್ದ ಹೊಸ ಸ್ವೆಟರು. ಇದು ಎದೆಯ ಹತ್ತಿರ ನನಗಿಂತ ಒಂದು ಗೇಣು ದೊಡ್ಡದು. ಹೆಣೆದವಳ ಕಣ್ಣಿಗೆ ಬೀಳಲೇಬೇಕಲ್ಲ, ಎರಡು ಪಕ್ಕವೂ ಮಡಿಚಿ ಒಳಗೆ ತುರುಕಿ, ಮೇಲೆ ಕೋಟು ಹಾಕಿ, ಉಸಿರು ಬಿಗಿಹಿಡಿದು ಗುಂಡಿ ಹಾಕಿಕೊಂಡೆ. ಕನ್ನಡಿಯಲ್ಲಿ ನೋಡಿದರೆ ಹಾಸಿಗೆ ಸುರುಳಿಗೆ ತಲೆ ಬಂದಂತಿತ್ತು.

ಹೊರಗೆ ಮಂಜು ಕವಿದಿತ್ತು. ಮಂಜಿನ ದಿನ ರೈಲು ಯಾವತ್ತು ಸರಿಯಾದ ಹೊತ್ತಿಗೆ ಬಂದಿದೆ? ಐದು ನಿಮಿಷ ಕೂತು ಕಾಫಿ ಕುಡಿದು ಹೊರಡೋಣ ಎಂದುಕೊಂಡೆ. ಕುರ್ಚಿಯೊಳಗೆ ಇಳಿಯಲು ಸ್ವಲ್ಪ ಒದ್ದಾಡಬೇಕಾಯಿತು. ಹಲಗೆಯನ್ನು ಬಲವಾಗಿ ಎಳೆದುಕೊಂಡೆ. ಟಕ್.

ಕಾಫಿ ಮುಗಿಸಿ ಚಿಲಕಕ್ಕೆ ಕೈ ಹಾಕಿದೆ. ಕೈ ಹೋಗಲಿಲ್ಲ. ಅಳತೆ ತೆಗೆದಾಗ ನನ್ನ ಎಡಗೈ ಬರಿಗೈಯಾಗಿತ್ತು. ಈಗ ಅದರ ಮೇಲೆ ಎರಡು ಸ್ವೆಟರು, ಒಂದು ಕೋಟು. ಮೊಣಕೈ ಮಡಿಚಲು ಜಾಗವೇ ಇಲ್ಲ. ಬೆರಳ ತುದಿ ಚಿಲಕಕ್ಕೆ ಒಂದೇ ಒಂದು ಅಂಗುಲ ಈಚೆಗೆ ನಿಂತು ಗಾಳಿ ಕೆರೆಯುತ್ತಿತ್ತು. ಬಲಗೈ ಆ ಕಡೆಗೆ ಎಟಕುವುದಿಲ್ಲ. ಹಲಗೆಯನ್ನು ನಾನೇ ಅಷ್ಟು ಅಗಲ ಇಟ್ಟಿದ್ದೆ. ಕೋಟು ಬಿಚ್ಚೋಣವೆಂದರೆ ಅದರ ಅಂಚು ನನ್ನದೇ ಭಾರದ ಕೆಳಗೆ ಸಿಕ್ಕಿತ್ತು. ಎದೆಯ ಉಸಿರನ್ನೆಲ್ಲ ಹೊರಕ್ಕೆ ಬಿಟ್ಟು ನೋಡಿದೆ. ಉಸಿರು ಹೊರಗೆ ಹೋಯಿತು, ನಾನು ಹೋಗಲಿಲ್ಲ.

ಸರಿ, ಕುರ್ಚಿ ಸಮೇತ ಎದ್ದೆ. ಶೀಶಮ್ ಮರದ ಭಾರ ಏನೆಂದು ಅವತ್ತು ತಿಳಿಯಿತು. ಚಿಪ್ಪು ಹೊತ್ತ ಆಮೆಯಂತೆ ಬಗ್ಗಿಕೊಂಡು, ಹೆಜ್ಜೆಯ ಮೇಲೆ ಹೆಜ್ಜೆ ಎಳೆದು ಕೋಣೆಯ ಬಾಗಿಲಿಗೆ ಬಂದೆ. ಕುರ್ಚಿ ಚೌಕಟ್ಟಿಗೆ ಧಡ್ ಎಂದು ತಗುಲಿ ನಿಂತಿತು. ಅಡ್ಡ ತಿರುಗಿದೆ, ಹಿಮ್ಮುಖವಾಗಿ ಪ್ರಯತ್ನಿಸಿದೆ. ಇಲ್ಲ. ಕುರ್ಚಿ ಹುಟ್ಟಿದ್ದೇ ಆ ಕೋಣೆಯಲ್ಲಿ, ಬಾಗಿಲು ದಾಟುವ ಅಗತ್ಯ ಅದಕ್ಕೆ ಯಾವತ್ತೂ ಬಿದ್ದಿರಲಿಲ್ಲ. ಮೈಯ ಮೂಲೆಮೂಲೆ ಅಳೆದ ಮಹಾಶಯನಿಗೆ ಬಾಗಿಲನ್ನು ಅಳೆಯಬೇಕೆಂದು ಹೊಳೆದಿರಲಿಲ್ಲ. ಮುಂಬಾಗಿಲು ಆಚೆ ಕೋಣೆಯಲ್ಲಿ, ಒಳಗಿನಿಂದ ಅಗಳಿ ಹಾಕಿಕೊಂಡು ನೆಮ್ಮದಿಯಾಗಿತ್ತು.

ಕಿಟಕಿಯ ಹತ್ತಿರ ತೆವಳಿ, “ಕೋಈ ಹೈ?” ಎಂದು ಕೂಗಿದೆ. ಯಾರಿದ್ದಾರೆ? ಚಳಿಗಾಲದ ಭಾನುವಾರ ಬಿಸಿಲು ಇಣುಕಿತೆಂದರೆ ಆರ್.ಕೆ.ಪುರಮ್ಮಿನ ಮನೆಗಳೆಲ್ಲ ಖಾಲಿ. ಹಿಂದುಗಡೆಯ ಹುಲ್ಲಿನ ಮೇಲೆ ಹಗ್ಗದ ಚಾರ್ಪಾಯಿ ಮಂಚ ಹಾಕಿಕೊಂಡು ಕಡಲೆಕಾಯಿ ಸುಲಿಯುತ್ತಾ, ಸ್ವೆಟರು ಹೆಣೆಯುತ್ತಾ ಇಡೀ ಬ್ಲಾಕು ಅಲ್ಲೇ. ನನ್ನ ಕಿಟಕಿ ಇರುವುದು ಮುಂದಿನ ಗಲ್ಲಿಗೆ. ಬಹಳ ಹೊತ್ತಿನ ಮೇಲೆ ಒಂದು ತರಕಾರಿ ಗಾಡಿಯ ಸದ್ದು ಕೇಳಿಸಿತು.

“ಭಯ್ಯಾ,” ಎಂದೆ.

“ಬೋಲಿಯೇ ಸಾಬ್. ಗೋಭಿ ಕೊಡಲಾ, ಮೂಲಂಗಿ ಕೊಡಲಾ?” ಕೆಳಗಿನಿಂದ ಉತ್ತರ ಬಂತು.

“ತರಕಾರಿ ಬೇಡ ಭಯ್ಯಾ. ಕುರ್ಸಿ. ಕುರ್ಸಿಯ ತೊಂದರೆ,” ಎಂದೆ ನನ್ನ ಮುರುಕು ಹಿಂದಿಯಲ್ಲಿ.

ಅವನು ಸ್ವಲ್ಪ ಯೋಚಿಸಿದ. “ಕುರ್ಸಿ ಹೆಣೆಯೋನು ಬುಧವಾರ ಬರ್ತಾನೆ ಸಾಬ್,” ಎಂದು ಹೇಳಿ ಗಾಡಿ ತಳ್ಳಿಕೊಂಡು ಹೋದ.

ಗಲ್ಲಿ ಮತ್ತೆ ನಿಶ್ಶಬ್ದವಾಯಿತು. ಕೈಗೆಟಕುವಲ್ಲಿ ಎಲ್ಲವೂ ಇದ್ದ ನಾನು ಅಲ್ಲೇ ಕಿಟಕಿಯ ಬಳಿ ಕೂತೆ. ಪಂಕಜಾ ಇವತ್ತು ಬರುತ್ತಿರದಿದ್ದರೆ ನನ್ನನ್ನು ಯಾವಾಗ ಯಾರು ಹುಡುಕಿಕೊಂಡು ಬರುತ್ತಿದ್ದರು ಎಂದು ಯೋಚಿಸಿದೆ. ಹಾಲನ್ನು ಬೂತಿನಿಂದ ನಾನೇ ತರುತ್ತಿದ್ದೆ. ಪೇಪರಿನವನು ಕೆಳಗಿನಿಂದಲೇ ಬಾಲ್ಕನಿಗೆ ಎಸೆಯುತ್ತಿದ್ದ. ಕಚೇರಿಯಲ್ಲಿ ಸೋಮವಾರ ನನ್ನ ಹೆಸರಿನ ಮುಂದೆ ಒಂದು ರಜೆ ಬರೆದುಕೊಂಡು ಸುಮ್ಮನಾಗುತ್ತಿದ್ದರು. ಇಷ್ಟು ದೊಡ್ಡ ಊರಿನಲ್ಲಿ ನನ್ನ ಬಾಗಿಲು ತಟ್ಟುವವರು ಒಬ್ಬರೂ ಇರಲಿಲ್ಲ. ಯಾರ ಹಂಗೂ ಬೇಡವೆಂದು ಹೊರಟವನು ಎಷ್ಟು ಚೆನ್ನಾಗಿ ಗೆದ್ದಿದ್ದೆ ಎಂಬುದು ಆಗ ಅರ್ಥವಾಗಿ, ಗೆದ್ದವನ ಕಣ್ಣು ಯಾಕೋ ಮಂಜಾಯಿತು. ಒರೆಸಿಕೊಳ್ಳೋಣವೆಂದರೆ ಕರವಸ್ತ್ರ ಕೋಟಿನ ಎಡಜೇಬಿನಲ್ಲಿತ್ತು.

ಮಧ್ಯಾಹ್ನದ ಹೊತ್ತಿಗೆ ಬಾಗಿಲು ತಟ್ಟಿದ ಸದ್ದು.

“ಅಪ್ಪ,” ಎಂದಿತು ಪ್ರಫುಲ್ಲಾಳ ದನಿ. ಹಿಂದೆಯೇ ಪಂಕಜಾ. “ರೀ, ಒಳಗಿದ್ದೀರಾ?”

“ಇದ್ದೀನಿ,” ಎಂದು ಒಳಕೋಣೆಯಿಂದ ಕೂಗಿದೆ.

ಸ್ಟೇಷನ್ನಿನಲ್ಲಿ ಇರಬೇಕಾದ ಗಂಡ ಮನೆಯೊಳಗಿನಿಂದ ‘ಇದ್ದೀನಿ’ ಎಂದರೆ, ಅದನ್ನು ಅರಗಿಸಿಕೊಳ್ಳಲು ಯಾವ ಹೆಂಡತಿಗಾದರೂ ಸಮಯ ಬೇಕು.

“ಸ್ಟೇಷನ್ನಿಗೆ ಯಾಕೆ ಬರಲಿಲ್ಲ?”

“ಹೊರಟಿದ್ದೆ. ಐದು ನಿಮಿಷ ಅಂತ ಕೂತೆ.”

“ಕೂತ್ರಾ? ರೈಲು ಸರಿಯಾದ ಟೈಮಿಗೆ ಬಂತು. ಪ್ಲಾಟ್‌ಫಾರ್ಮಿನಲ್ಲಿ ಟ್ರಂಕಿನ ಮೇಲೆ ಕೂತು ಕಾದೂ ಕಾದೂ ಸಾಕಾಗಿ, ಇವಳೇ ಹಿಂದಿ ಮಾತಾಡಿ ಸ್ಕೂಟರು ರಿಕ್ಷಾ ಮಾಡಿಕೊಂಡು ಬಂದಿದ್ದಾಳೆ. ಮೊದಲು ಎದ್ದು ಬಾಗಿಲು ತೆಗೀರಿ.”

“ಏಳೋಕಾಗ್ತಾ ಇಲ್ಲ ಪಂಕಜಾ.”

ಅವಳ ದನಿ ತಟ್ಟನೆ ಬದಲಾಯಿತು. ಅವಳ ತಂದೆಗೆ ಲಕ್ವ ಹೊಡೆದದ್ದು ಹೀಗೇ ಒಂದು ಬೆಳಿಗ್ಗೆ. “ಕಾಲು ಆಡಿಸಿ ನೋಡಿ. ಕೈ ಆಡುತ್ತಾ? ಬಾಯಿ ಒಂದು ಕಡೆಗೆ ಎಳೀತಾ ಇದೆಯಾ? ಮಾತು ತೊದಲ್ತಾ ಇದ್ದೀರಾ ಹೇಗೆ?”

“ಬಾಯಿ ಸರಿಯಾಗೇ ಇದೆ. ಕುರ್ಚಿ ಬಿಡ್ತಾ ಇಲ್ಲ.”

ದೆಹಲಿಯಲ್ಲಿ ಕುರ್ಚಿ ಬಿಡದವರ ಸುದ್ದಿಯನ್ನು ದಿನಾ ಪೇಪರಿನಲ್ಲಿ ಓದುತ್ತಿದ್ದೆವು. ಕುರ್ಚಿಯೇ ಬಿಡದೆ ಹಿಡಿದುಕೊಂಡ ಪ್ರಸಂಗ ಇದೇ ಮೊದಲಿರಬೇಕು.

“ಯಾವ ಕುರ್ಚಿ?”

“ನಾನೇ ಮಾಡಿಸಿದ್ದು. ನನ್ನ ಅಳತೆಗೇ.”

“ನಿಮ್ಮ ಅಳತೆಗೇ ಮಾಡಿಸಿದ್ದು ನಿಮ್ಮನ್ನ ಯಾಕೆ ಬಿಡೋದಿಲ್ಲ?”

ಇಡೀ ತಂಡ ಕೂತು ಚರ್ಚಿಸಬೇಕಾದ ಪ್ರಶ್ನೆ. ಆ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. “ನಾನೆಷ್ಟು ಹೆದರಿದೆ ಗೊತ್ತಾ,” ಎಂದಳು. ಎರಡು ಬಾಗಿಲುಗಳ ಆಚೆಯಿಂದ ಬಂದರೂ ಅಷ್ಟು ಹತ್ತಿರದ ಮಾತನ್ನು ನಾನು ಎರಡು ವರ್ಷದಿಂದ ಕೇಳಿರಲಿಲ್ಲ.

ಅಷ್ಟರಲ್ಲಿ ಪ್ರಫುಲ್ಲಾ ಹಿತ್ತಲಿಗೆ ಓಡಿ ಪಕ್ಕದ ಮನೆಯ ಸಚ್‌ದೇವಾರನ್ನು ಎಬ್ಬಿಸಿಕೊಂಡು ಬಂದಳು. ದಪ್ಪ ಮೀಸೆಯ ಈ ಪಂಜಾಬಿ ಅಧಿಕಾರಿಗೂ ನನಗೂ ಮೆಟ್ಟಿಲ ಮೇಲಿನ ನಮಸ್ತೆಗಿಂತ ಹೆಚ್ಚಿನ ಪರಿಚಯವಿರಲಿಲ್ಲ. ಅವರ ಅಡುಗೆಮನೆಯ ಬಾಲ್ಕನಿಗೂ ನನ್ನದಕ್ಕೂ ನಡುವೆ ಮೊಳಕಾಲುದ್ದದ ಗೋಡೆ. ಅದನ್ನು ದಾಟಿ, ಒಳಗೆ ಬಂದು, ಅಗಳಿ ತೆಗೆದರು. ಮೂವರೂ ಒಳಕೋಣೆಯ ಬಾಗಿಲಲ್ಲಿ ಸಾಲಾಗಿ ನಿಂತು ನನ್ನನ್ನು ನೋಡಿದರು. ಏನು ಹೇಳಬೇಕೋ ತಿಳಿಯದೆ, “ಬನ್ನಿ, ಕೂತ್ಕೊಳ್ಳಿ,” ಎಂದೆ.

ಮೂವರೂ ಸುತ್ತ ನೋಡಿದರು. ಇಡೀ ಮನೆಯಲ್ಲಿ ಕೂರಲು ಇದ್ದದ್ದು ಒಂದೇ ಕುರ್ಚಿ, ಅದರಲ್ಲಿ ನಾನಿದ್ದೆ. ಪಂಕಜಾಳ ಕಣ್ಣು ಗೋಡೆಯಿಂದ ಗೋಡೆಗೆ ಹೋಗಿ ಮತ್ತೆ ನನ್ನ ಮೇಲೆ ನಿಂತಿತು. ಬಯ್ದಿದ್ದರೆ ಚೆನ್ನಾಗಿತ್ತು.

ಸಚ್‌ದೇವಾ ಬಗ್ಗಿ ಚಿಲಕ ಎಳೆದರು. ಅದು ಬರಲಿಲ್ಲ. ಮಡಿಚಿ ತುರುಕಿದ್ದ ಸ್ವೆಟರಿನ ಅಂಚು ಹೊರಬಂದು ಚಿಲಕದ ಹಲ್ಲಿಗೆ ಸುತ್ತಿಕೊಂಡಿತ್ತು. “ಕೈಂಚಿ ಕೊಡಿ, ಕತ್ತರಿಸಿಬಿಡೋಣ,” ಎಂದರು. ಪಂಕಜಾ ಅವರನ್ನು ತಡೆದು, ನೆಲದ ಮೇಲೆ ಕೂತು, ನೂಲಿನ ತುದಿ ಹುಡುಕಿ, ಅಂಚಿನಿಂದ ಸಾಲು ಸಾಲಾಗಿ ಬಿಚ್ಚತೊಡಗಿದಳು. ಬಿಚ್ಚುತ್ತಿದ್ದ ಕೈ ಮಡಿಕೆಯ ಹತ್ತಿರ ನಿಂತಿತು.

“ಇಷ್ಟೊಂದು ಯಾಕೆ ಮಡಿಚಿದ್ದೀರಿ?”

“ಸ್ವಲ್ಪ ದೊಡ್ಡದಾಗಿತ್ತು. ಅಳತೆ ತಪ್ಪಿದ್ದೀಯ.”

“ನಾನು ತಪ್ಪಿಲ್ಲ. ಊರಲ್ಲಿ ‘ಇರಲಿ’ ಅಂತ ನೀವು ಬಿಟ್ಟುಬಂದ ಶರ್ಟು ಹಾಸಿಕೊಂಡು ಅದರ ಮೇಲಿಟ್ಟೇ ಹೆಣೆದದ್ದು.” ಅವಳು ನನ್ನ ಕೋಟಿನ ಮೇಲೆ ಅಂಗೈ ಇಟ್ಟು ಪಕ್ಕೆಲುಬು ಸವರಿದಳು. “ನೀವೇ ಇಳಿದುಹೋಗಿದ್ದೀರಿ. ಕಾಗದದಲ್ಲಿ ಮಾತ್ರ ಸುಖವಾಗಿದ್ದೀನಿ, ಕೊರತೆ ಇಲ್ಲ.”

ಗುಮಾಸ್ತರ ಮೈಯ ಅಂಗುಲ ಅಂಗುಲ ಬರೆದಿಟ್ಟವನಿಗೆ ತನ್ನ ಮೈ ಕರಗಿದ್ದು ಗೊತ್ತಾಗಿರಲಿಲ್ಲ. ಕುರ್ಚಿಗೆ ಅಳೆದದ್ದೂ ಕರಗಿದ ಮೈಯನ್ನೇ; ಹಿಂದಿನ ಅಳತೆ ಇದ್ದರೆ ತಾನೆ ಹೋಲಿಸಲು? ಅದು ಚಿತ್ರದುರ್ಗದಲ್ಲಿ ಪಂಕಜಾಳ ಪೆಟ್ಟಿಗೆಯಲ್ಲಿತ್ತು.

ಚಿಲಕ ಬಿಟ್ಟಿತು. ಹಲಗೆ ತೆರೆಯಿತು. ನಾನು ಎದ್ದು ನಿಂತೆ, ಕಾಲು ಜೋಮು ಹಿಡಿದು ಮತ್ತೆ ಕೂರಲು ಹೋದೆ. ಮೂವರೂ ಒಟ್ಟಿಗೆ ನನ್ನನ್ನು ಹಿಡಿದುಕೊಂಡರು.

ಸುದ್ದಿ ತಿಳಿದು ಶ್ರೀಮತಿ ಸಚ್‌ದೇವಾ ತಮ್ಮ ಮನೆಯಿಂದ ನಾಲ್ಕು ಮಡಿಸುವ ಕುರ್ಚಿ ಹೊರಿಸಿಕೊಂಡು, ಬಿಸಿ ಮೂಲಂಗಿ ಪರಾಠ, ಚಹ ತಂದರು. ನನ್ನ ಮನೆಯಲ್ಲಿ ಮೊದಲ ಸಲ ಐದು ಜನ ಕೂತು ಉಂಡೆವು. ಪಾಪ, ಅವರು ಒಳ್ಳೆಯ ಹೆಂಗಸು. ಕೆಡುಕೆಣಿಸಿ ಹೇಳಿದ್ದಲ್ಲ. ಚಹ ಸುರಿಯುತ್ತಾ ಪಂಕಜಾಳನ್ನು ಕೇಳಿದರು.

“ಬೆಹೆನ್‌ಜಿ, ಮತ್ತೆ ಆ ಇನ್ನೊಬ್ಬರು ಎಲ್ಲಿ? ಕಾಣಿಸ್ತಾ ಇಲ್ಲ.”

“ಯಾರು ಇನ್ನೊಬ್ಬರು?” ಎಂದಳು ಪಂಕಜಾ.

“ಭಾಯಿಸಾಬ್ ದಿನಾ ಸಂಜೆ ಅಡುಗೆಮನೇಲಿ ಮಾತಾಡ್ತಾ ಇರ್ತಾರಲ್ಲ, ಅವರು. ನಿಮ್ಮ ಭಾಷೆ ನಮಗೆ ಬರೋದಿಲ್ಲ, ಗೋಡೆ ಮಾತ್ರ ತೆಳು. ಒಂದೊಂದು ದಿನ ನಗ್ತಾರೆ, ಒಂದೊಂದು ದಿನ ರೇಗ್ತಾರೆ. ಅವರು ಬಹಳ ಮೆತ್ತಗಿನವರು ಅಂತ ಕಾಣುತ್ತೆ. ಅವರ ದನಿ ಮಾತ್ರ ಒಂದು ದಿನವೂ ಕೇಳಿಸಿಲ್ಲ.”

ಪಂಕಜಾ ಚಹದ ಲೋಟವನ್ನು ನಿಧಾನವಾಗಿ ಕೆಳಗಿಟ್ಟಳು. ನಾನು ಪರಾಠದಲ್ಲಿ ಮುಖ ಮುಚ್ಚಿಕೊಂಡೆ. ದಂಪತಿಗಳು ಹೋಗಿ, ಪ್ರಫುಲ್ಲಾ ಅವರ ಹಿಂದೆಯೇ ಖಾಲಿ ತಟ್ಟೆ ಕೊಟ್ಟು ಬರಲು ಹೋದ ಮೇಲೆ, ಪಂಕಜಾ ಬಿಚ್ಚಿದ ನೂಲನ್ನು ಮಡಿಲಿಗೆ ಹಾಕಿಕೊಂಡು ಉಂಡೆ ಸುತ್ತುತ್ತಾ ಕೂತಳು.

“ಯಾರ ಹತ್ತಿರ ಮಾತಾಡ್ತೀರಿ?”

“ನಿನ್ನ ಹತ್ತಿರ.”

ಅವಳು ತಲೆಯೆತ್ತಲಿಲ್ಲ. “ಏನಂತ?”

“ಹೀಗೇ. ಸಾರಿಗೆ ಉಪ್ಪು ಜಾಸ್ತಿ ಆಯ್ತೇನೋ ಅಂತ. ಆಫೀಸಿನಲ್ಲಿ ಯಾರು ಏನಂದರು ಅಂತ. ಪ್ರಫುಲ್ಲಾಗೆ ಹಳೇ ಲಂಗ ಗಿಡ್ಡ ಆಗಿರಬಹುದು ಅಂತ.”

ಅವಳು ನೂಲು ಸುತ್ತುತ್ತಲೇ ಇದ್ದಳು. ಹಿತ್ತಲಿನ ಬಿಸಿಲು ಇಳಿಯುತ್ತಿತ್ತು. ಚಾರ್ಪಾಯಿಗಳನ್ನು ಎತ್ತುವ ಸದ್ದು ಕೇಳಿಸುತ್ತಿತ್ತು.

“ಅದಕ್ಕೆಲ್ಲ ನಾನೇನಂತೀನಿ?” ಎಂದು ಮೆಲ್ಲಗೆ ಕೇಳಿದಳು.

“ಹೆಚ್ಚಾಗಿ, ನೀವು ಹೇಳೋದೇ ಸರಿ ಅಂತೀಯ.”

ಉಂಡೆ ಸುತ್ತುತ್ತಿದ್ದ ಕೈ ನಿಂತಿತು.

“ಹಾಗಿದ್ರೆ ಅದು ನಾನಲ್ಲ,” ಎಂದಳು ಪಂಕಜಾ. “ನಿಜ ಹೇಳಿ, ಯಾರವಳು?”